ಲೇಸಿಕ್ ಆಗಿ ವರ್ಷಗಳಾದರೂ ಕಣ್ಣುರಿ, ರಾತ್ರಿ ದೀಪಗಳ ಸುತ್ತ ಕಿರಣ: ದಾವಣಗೆರೆ, ಚಿತ್ರದುರ್ಗದ ಕಡೆಯವರು ಯಾರಾದರೂ ಇದ್ದೀರಾ?

ಕುಂದವಾಡ ಕೆರೆ (ದಾವಣಗೆರೆ)

ಮದುವೆಗೆ ಮುಂಚೆ ಬೆಂಗಳೂರಿನ ಖಾಸಗಿ ಕಣ್ಣಾಸ್ಪತ್ರೆಯೊಂದರಲ್ಲಿ ಎರಡೂ ಕಣ್ಣಿಗೆ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ, ಆಯಿತು. ಮೈನಸ್ ಐದರಷ್ಟಿದ್ದ ಕನ್ನಡಕ ಹೋಯಿತು, ಮನೆಯವರೆಲ್ಲ ಸಂಭ್ರಮಪಟ್ಟರು. ಈಗಲೂ ಫಲಕದ ಕೊನೆಯ ಸಾಲಿನವರೆಗೆ ಓದುತ್ತೇನೆ. ಹಾಗಿದ್ದರೂ ಈ ಕಣ್ಣುಗಳೊಂದಿಗೆ ಒಂದು ದಿನ ಕಳೆಯುವುದು ಎಷ್ಟು ಕಷ್ಟವೆಂದು ಯಾರಿಗೂ ಹೇಳಿ ಅರ್ಥ ಮಾಡಿಸಲು ಆಗುತ್ತಿಲ್ಲ.

ಬೆಳಿಗ್ಗೆ ಏಳುವಾಗ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತದೆ. ಅವಸರದಲ್ಲಿ ತೆರೆದರೆ ಏನೋ ಸುಲಿದು ಬಂದಂತಹ ನೋವು. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಫ್ಯಾನ್ ತಿರುಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಗಾಗಿ ಉರಿಯುತ್ತದೆ. ಸಂಜೆ ಹದಡಿ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ ಎದುರಿನಿಂದ ಬರುವ ಪ್ರತಿ ದೀಪದಿಂದಲೂ ಉದ್ದುದ್ದ ಕಿರಣಗಳು ಚೆಲ್ಲುತ್ತವೆ. ಹಾಗಾಗಿ ಕತ್ತಲಾದ ಮೇಲೆ ಓಡಿಸುವುದನ್ನೇ ಬಿಟ್ಟಿದ್ದೇನೆ.

ತೋರಿಸಿದ ಕಡೆಯಲ್ಲೆಲ್ಲ ಒಂದೇ ಉತ್ತರ: "6/6 ಇದೆ, ಏನೂ ತೊಂದರೆ ಇಲ್ಲ, ಹನಿ ಹಾಕಿಕೊಳ್ಳಿ." ಒಬ್ಬರಂತೂ ನನ್ನ ಗಂಡನ ಕಡೆ ತಿರುಗಿ, "ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂದರು. ನೋವು ನನ್ನ ಕಣ್ಣಿನಲ್ಲಿ, ಮಾತು ನನ್ನ ಗಂಡನ ಜೊತೆ! ಇದೇ ಸ್ಥಿತಿಯಲ್ಲಿರುವವರು ನಮ್ಮ ಕಡೆ ಇದ್ದೀರಾ? ಯಾವ ಪರೀಕ್ಷೆ ಕೇಳಬೇಕು, ಯಾವುದರಿಂದ ಸ್ವಲ್ಪವಾದರೂ ಹಿತವಾಯಿತು, ತಿಳಿಸಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಇದ್ದೇನೆ. ನನಗೆ ಉರಿ ಕಡಿಮೆ, ರಾತ್ರಿಯ ಕಾಟವೇ ಹೆಚ್ಚು. ಹಿರಿಯೂರಿನಿಂದ ದುರ್ಗದವರೆಗೆ ಹೆದ್ದಾರಿ 48ರಲ್ಲಿ ರಾತ್ರಿ ಬರುವುದು ನನ್ನ ಕೆಲಸದ ಭಾಗ. ಲಾರಿಗಳ ಎಲ್‌ಇಡಿ ದೀಪಗಳು ಹತ್ತಿರವಾದಂತೆ ಬೆಳಕಿನ ಉಂಗುರಗಳು ಒಂದರೊಳಗೊಂದು ಸೇರಿಕೊಂಡು ರಸ್ತೆಯ ಅಂಚೇ ಕಾಣುವುದಿಲ್ಲ.

ನನಗೆ ಕಾರಣ ವಿವರಿಸಿದ್ದು ಒಬ್ಬ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತಜ್ಞೆ. ಲೇಸರ್ ಕಾರ್ನಿಯಾದ ಮಧ್ಯಭಾಗವನ್ನು ಮಾತ್ರ ಸರಿಪಡಿಸಿರುತ್ತದೆ, ಸಾಮಾನ್ಯವಾಗಿ ಆರು ಮಿಲಿಮೀಟರಿನ ಆಸುಪಾಸು. ಕತ್ತಲಲ್ಲಿ ಪಾಪೆ ಅದಕ್ಕಿಂತ ಅಗಲವಾಗಿ ತೆರೆದುಕೊಂಡರೆ ಸರಿಪಡಿಸದ ಅಂಚಿನಿಂದಲೂ ಬೆಳಕು ಒಳಗೆ ಬರುತ್ತದೆ. ಆಸ್ಪತ್ರೆಯ ಫಲಕವನ್ನು ಬೆಳಕಿನ ಕೋಣೆಯಲ್ಲಿ, ಕಪ್ಪು ಬಿಳುಪಿನ ಅಕ್ಷರಗಳಲ್ಲಿ ಓದಿಸುತ್ತಾರೆ. ಆ ಹೊತ್ತಿಗೆ ಪಾಪೆ ಕಿರಿದಾಗಿರುತ್ತದೆ. ಹಾಗಾಗಿ 6/6 ಬರುತ್ತದೆ, ನಮ್ಮ ತೊಂದರೆ ಅಲ್ಲಿ ಕಾಣುವುದೇ ಇಲ್ಲ. ಮಬ್ಬುಬೆಳಕಿನಲ್ಲಿ ಪಾಪೆಯ ಅಳತೆ, ಕಾಂಟ್ರಾಸ್ಟ್ ಸೆನ್ಸಿಟಿವಿಟಿ ಪರೀಕ್ಷೆ (ಮಸುಕಾದ ಅಕ್ಷರಗಳನ್ನು ಗುರುತಿಸುವ ಶಕ್ತಿ), ವೇವ್‌ಫ್ರಂಟ್ ಅಬೆರೋಮೆಟ್ರಿ (ಕಣ್ಣಿನೊಳಗೆ ಬೆಳಕು ಎಷ್ಟು ಅಡ್ಡಾದಿಡ್ಡಿ ಬಾಗುತ್ತದೆಂಬ ಅಳತೆ), ಈ ಮೂರನ್ನೂ ಹೆಸರಿಟ್ಟು ಕೇಳಿ.

ರಾತ್ರಿ ಓಡಿಸಲು ಪಾಪೆಯನ್ನು ಸ್ವಲ್ಪ ಕಿರಿದಾಗಿಸುವ ಹನಿಯನ್ನು ಅವರು ಬರೆದುಕೊಟ್ಟರು. ನನಗೆ ಒಳ್ಳೆಯ ಫಲ ಸಿಕ್ಕಿದೆ. ಹಳದಿ ಗಾಜಿನ ಕನ್ನಡಕವನ್ನು ಮಾತ್ರ ಕೊಳ್ಳಬೇಡಿ, ಅದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ.

ಚಂದ್ರವಳ್ಳಿ

ನಾನು ವೈದ್ಯನಲ್ಲ, ದೃಷ್ಟಿ ಪರೀಕ್ಷಕ. ದುರ್ಗದಲ್ಲಿ ಬಹಳ ವರ್ಷಗಳಿಂದ ಕಣ್ಣು ನೋಡುವ ಕೆಲಸ ಮಾಡುತ್ತಿದ್ದೇನೆ. ಜೋಗಿಮಟ್ಟಿಯವರ ವಿವರಣೆ ಸರಿಯಾಗಿದೆ. ಆ ಹನಿಗಳ ಬಗ್ಗೆ ಒಂದು ಮಾತು: ಪೈಲೋಕಾರ್ಪಿನ್‌ನಂತಹವು ಕೆಲವರಿಗೆ ತಲೆನೋವು ತರುತ್ತವೆ. ಮೈನಸ್ ಹೆಚ್ಚಿದ್ದ ಕಣ್ಣುಗಳಲ್ಲಿ ಅಕ್ಷಿಪಟಲವನ್ನು (ಕಣ್ಣಿನ ಒಳಹಿಂಬದಿಯ ರೆಟಿನಾ ಪರದೆ) ನೋಡಿಸದೆ ಅವನ್ನು ಹಾಕಬಾರದು. ಲೇಸಿಕ್ ಬದಲಿಸುವುದು ಕಾರ್ನಿಯಾದ ಆಕಾರವನ್ನು. ಉದ್ದ ಬೆಳೆದ ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ, ಅಕ್ಷಿಪಟಲ ಹರಿಯುವ ಅಪಾಯವೂ ಉಳಿಯುತ್ತದೆ. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ ಅಥವಾ ಪರದೆ ಇಳಿದಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕುಂದವಾಡದವರು ಹೇಳಿದ ಉರಿಯ ವಿಷಯಕ್ಕೆ ಬರುತ್ತೇನೆ. ಕಾರ್ನಿಯಾದ ದಪ್ಪ ಮಧ್ಯದಲ್ಲಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ನಮ್ಮ ದೇಹದಲ್ಲಿ ನೋವಿನ ನರತಂತುಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಇದೂ ಒಂದು. ಲೇಸಿಕ್‌ನಲ್ಲಿ 100ರಿಂದ 120 ಮೈಕ್ರಾನ್ ದಪ್ಪದ ಪದರವನ್ನು ಕತ್ತರಿಸಿ, ಒಂದು ಅಂಚಿನಲ್ಲಿ ಹಾಗೇ ಬಿಟ್ಟು, ಪುಸ್ತಕದ ಹಾಳೆಯಂತೆ ಮಗುಚಿ ಕೆಳಗೆ ಲೇಸರ್ ಹಾಯಿಸುತ್ತಾರೆ. ಆ ಕತ್ತರಿಕೆಯಲ್ಲಿ ನರತಂತುಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ ಎಂದು ಮೆದುಳಿಗೆ ತಿಳಿಸಿ ಕಣ್ಣೀರು ತರಿಸುವುದು ಅವೇ ತಂತುಗಳು. ಬಹುತೇಕರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ಬೆಳೆದು ಕಣ್ಣು ಸುಧಾರಿಸುತ್ತದೆ. ಕೆಲವರಲ್ಲಿ ತಂತುಗಳು ಸರಿಯಾಗಿ ಬೆಳೆಯುವುದಿಲ್ಲ, ಅಥವಾ ಬೆಳೆದರೂ ಸುಮ್ಮಸುಮ್ಮನೆ ನೋವಿನ ಸಂಕೇತ ಕಳುಹಿಸುತ್ತಲೇ ಇರುತ್ತವೆ. ಇದನ್ನು ಕಾರ್ನಿಯಾದ ನರಜನ್ಯ ನೋವು ಎನ್ನುತ್ತಾರೆ. ಬಣ್ಣದ ಹನಿ ಹಾಕಿ ನೋಡಿದರೆ ಮೇಲ್ಮೈ ಶುಭ್ರವಾಗಿಯೇ ಕಾಣುತ್ತದೆ, ಆದರೂ ರೋಗಿ ಒದ್ದಾಡುತ್ತಿರುತ್ತಾರೆ. "ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಇದನ್ನು ಪತ್ತೆ ಮಾಡಲು ಸರಳವಾದ ಒಂದು ದಾರಿ ಇದೆ. ಮರಗಟ್ಟಿಸುವ ಹನಿಯನ್ನು ವೈದ್ಯರೇ ಹಾಕಿ ನೋಡುತ್ತಾರೆ. ನೋವು ಪೂರ್ತಿ ಹೋದರೆ ತೊಂದರೆ ಕಣ್ಣಿನ ಮೇಲ್ಮೈಯಲ್ಲಿದೆ, ಹೋಗದೇ ಇದ್ದರೆ ನೋವಿನ ಮೂಲ ಆಚೆಗಿನ ನರಮಾರ್ಗದಲ್ಲಿದೆ ಎಂದು ಅಂದಾಜಿಸುತ್ತಾರೆ. ಎರಡಕ್ಕೂ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ನಿಮ್ಮದೇ ರಕ್ತದ ತಿಳಿದ್ರವವಾದ ಸೀರಮ್‌ನಿಂದ ಮಾಡಿದ ಹನಿ, ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್. ಎರಡನೆಯದಕ್ಕೆ ನರನೋವಿಗೆ ಕೊಡುವ ಗ್ಯಾಬಪೆಂಟಿನ್, ನಾರ್ಟ್ರಿಪ್ಟಿಲಿನ್‌ನಂತಹ ಮಾತ್ರೆಗಳು. ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಳಸಬೇಡಿ. ಅದು ಕಾರ್ನಿಯಾವನ್ನೇ ಕರಗಿಸಿಬಿಡಬಲ್ಲದು.

ರೆಪ್ಪೆ ಅಂಟಿಕೊಂಡು ಸುಲಿದಂತಾಗುವುದು ಬೇರೆಯೇ ಲಕ್ಷಣವಿರಬಹುದು. ಮೇಲ್ಪದರ ಸರಿಯಾಗಿ ಅಂಟಿಕೊಳ್ಳದೆ ಪದೇಪದೇ ಕೀಳುವ ಸ್ಥಿತಿ ಅದು. ಮಲಗುವ ಮುನ್ನ ಹಾಕುವ ಮುಲಾಮಿನಿಂದ ಬಹಳ ಮಂದಿಗೆ ಗುಣ ಕಾಣುತ್ತದೆ. ಎದ್ದ ಕೂಡಲೇ ಕಣ್ಣು ತೆರೆಯಬೇಡಿ. ಮುಚ್ಚಿದ ರೆಪ್ಪೆಯಂಚಿಗೆ ಒಂದು ಹನಿ ಬಿಟ್ಟುಕೊಂಡು, ನಿಧಾನವಾಗಿ ಗುಡ್ಡೆಯನ್ನು ಆಡಿಸಿ, ಆಮೇಲೆ ತೆರೆಯಿರಿ.

ಕುಂದವಾಡ ಕೆರೆ

ಇದಕ್ಕೊಂದು ಹೆಸರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಿಮ್ಮ ಉತ್ತರವನ್ನು ನನ್ನ ಗಂಡನಿಗೂ ಓದಿ ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು, "ಹಾಗಾದರೆ ನೋವಿನ ಔಷಧಿಯನ್ನೇ ಕೇಳೋಣ" ಎಂದರು.

ಮಂಡಕ್ಕಿ ಓಣಿ (ದಾವಣಗೆರೆ)

ನಮ್ಮ ಊರಿನ ಗಾಳಿಯ ಬಗ್ಗೆ ಬರೆಯಲೇಬೇಕು. ಪ್ರತಿಯೊಬ್ಬರೂ ಬೆಂಗಳೂರಿನ ಎಸಿ ಕಚೇರಿಯ ಲೆಕ್ಕದಲ್ಲಿ ಸಲಹೆ ಕೊಡುತ್ತಾರೆ. ನಾನಿರುವುದು ಮಂಡಕ್ಕಿ ಭಟ್ಟಿಗಳ ಹತ್ತಿರ. ಬೆಳಗಿನ ಜಾವದಿಂದಲೇ ಹೊಗೆ. ಮೆಕ್ಕೆಜೋಳದ ಕಾಲ ಬಂತೆಂದರೆ ರಸ್ತೆಯ ಮೇಲೆಯೇ ಒಕ್ಕಣೆ, ಹೊಟ್ಟಿನ ದೂಳು ಮೈಲುದ್ದ ಹಾರುತ್ತದೆ. ಏಪ್ರಿಲ್‌ನ ಬಿಸಿಲು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಣಗಣ್ಣಿನವರಿಗೆ ಈ ಮೂರೂ ಶತ್ರುಗಳು.

ನನಗೆ ನಿಜವಾಗಿ ಅನುಕೂಲವಾದವು ಇಷ್ಟು. ಸಂರಕ್ಷಕ ಇಲ್ಲದ, ಒಮ್ಮೆ ಬಳಸಿ ಬಿಸಾಡುವ ಪುಟ್ಟ ಕೊಳವೆಗಳ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ. ದೊಡ್ಡ ಬಾಟಲಿಯ ಅನೇಕ ಹನಿಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ದಿನಕ್ಕೆ ಹಲವು ಬಾರಿ ಹಾಕುವವರಿಗೆ ಅದೇ ಕಣ್ಣನ್ನು ಕೆರಳಿಸುತ್ತದೆ, ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ ಕೊಳ್ಳಿ. ದ್ವಿಚಕ್ರ ವಾಹನಕ್ಕೆ ಪಕ್ಕದಿಂದಲೂ ಮುಚ್ಚುವ ಕನ್ನಡಕ. ಮಲಗುವ ಮುನ್ನ ಬೆಚ್ಚಗಿನ ಒದ್ದೆ ಬಟ್ಟೆಯಿಂದ ರೆಪ್ಪೆಗೆ ಶಾಖ. ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಕಟ್ಟಿಕೊಂಡಿದ್ದರೆ ಕಣ್ಣೀರು ಬೇಗ ಆವಿಯಾಗುತ್ತದೆ, ಶಾಖದಿಂದ ಆ ಎಣ್ಣೆ ಸಡಿಲವಾಗುತ್ತದೆ.

ಮನೆಯ ಹಿರಿಯರು ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಬಿಡಲು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಶಸ್ತ್ರಚಿಕಿತ್ಸೆಯಾದ ಕಾರ್ನಿಯಾಕ್ಕೆ ಸೋಂಕು ತಗುಲಿದರೆ ಇರುವ ದೃಷ್ಟಿಯೂ ಹೋಗುತ್ತದೆ. ದಯವಿಟ್ಟು ಬೇಡ.

ಚಂದ್ರವಳ್ಳಿ

ಮಂಡಕ್ಕಿ ಓಣಿಯವರು ಹೇಳಿದ್ದಕ್ಕೆ ಸೇರಿಸಬೇಕಾದ ಅತಿ ಮುಖ್ಯ ಎಚ್ಚರಿಕೆ: ಕಣ್ಣು ಕೆಂಪಾಯಿತೆಂದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿ ತರುವ ರೂಢಿ ನಮ್ಮ ಊರುಗಳಲ್ಲಿ ಬಲವಾಗಿದೆ. ಎರಡೇ ದಿನದಲ್ಲಿ ಕಣ್ಣು ತಿಳಿಯಾಗುತ್ತದೆ, ಆದ್ದರಿಂದ ಮತ್ತೆ ಮತ್ತೆ ತರುತ್ತಾರೆ. ದೀರ್ಘಕಾಲ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಬರಬಹುದು. ಲೇಸಿಕ್ ಆದವರಲ್ಲಿ ಇನ್ನೊಂದು ಅಡಚಣೆ ಇದೆ. ಕಾರ್ನಿಯಾ ತೆಳುವಾಗಿರುವುದರಿಂದ ಯಂತ್ರ ತೋರಿಸುವ ಒತ್ತಡ ನಿಜವಾದದ್ದಕ್ಕಿಂತ ಕಡಿಮೆ ಇರುತ್ತದೆ. "ಒತ್ತಡ ಸಾಮಾನ್ಯ" ಎಂದು ಕಳುಹಿಸಿಬಿಡುತ್ತಾರೆ, ಒಳಗೆ ನರ ಸವೆಯುತ್ತಿರುತ್ತದೆ. ಎಲ್ಲಿ ತೋರಿಸಿದರೂ "ನನಗೆ ಲೇಸಿಕ್ ಆಗಿದೆ" ಎಂಬುದನ್ನು ಮೊದಲ ಮಾತಾಗಿ ಹೇಳಿ.

ಶಾಂತಿಸಾಗರ (ಚನ್ನಗಿರಿ)

ಎಲ್ಲರನ್ನೂ ಹೆದರಿಸುತ್ತಿದ್ದೀರಿ ಅನ್ನಿಸುತ್ತಿದೆ. ನನಗೆ ಲೇಸಿಕ್ ಆಗಿ ಬಹಳ ಕಾಲವಾಯಿತು, ಒಂದು ದಿನವೂ ತೊಂದರೆ ಬಂದಿಲ್ಲ. ಅಡಿಕೆ ತೋಟದ ಕೆಲಸದಲ್ಲಿ ಬೆವರಿಗೆ ಜಾರುವ ಕನ್ನಡಕದಿಂದ ಬಿಡುಗಡೆ ಸಿಕ್ಕಿತು, ನನ್ನ ಪಾಲಿಗೆ ಅದು ದೊಡ್ಡ ಉಪಕಾರ. ಇಂತಹ ಚರ್ಚೆ ಓದಿ, ಮಾಡಿಸಿಕೊಳ್ಳಬೇಕಾದವರೂ ಹಿಂದೆ ಸರಿದರೆ ಅದು ನ್ಯಾಯವೇ?

ಕುಂದವಾಡ ಕೆರೆ

ನಿಮಗೆ ಒಳ್ಳೆಯದಾಗಿದೆ ಎಂಬುದಕ್ಕೆ ನನಗೆ ಸಂತೋಷವೇ. ನನ್ನ ಅಕ್ಕನಿಗೂ ಮಾಡಿಸಿದ್ದಾರೆ, ಚೆನ್ನಾಗಿದ್ದಾಳೆ. ಆದರೆ ನಿಮ್ಮ ಸುಖ ನನ್ನ ನೋವನ್ನು ಸುಳ್ಳು ಮಾಡುವುದಿಲ್ಲ. ಬಹಳ ಮಂದಿಗೆ ಒಳ್ಳೆಯದಾಗಿದೆ ಎಂಬ ಒಂದೇ ಕಾರಣಕ್ಕೆ ಉಳಿದವರನ್ನು ಪರೀಕ್ಷಿಸದೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ನಾನು ಯಾರನ್ನೂ ತಡೆಯುತ್ತಿಲ್ಲ. ತೊಂದರೆಯಾದವರನ್ನು ನಂಬಿ ಎಂದಷ್ಟೇ ಕೇಳುತ್ತಿದ್ದೇನೆ.

ಚಂದ್ರವಳ್ಳಿ

ಶಾಂತಿಸಾಗರದವರೇ, ಎರಡೂ ನಿಜ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸೇರಿ ನಡೆಸಿದ ಪ್ರೌಲ್ ಅಧ್ಯಯನಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಬಹುಪಾಲು ಜನ ತೃಪ್ತರಾಗಿದ್ದರು. ಅದೇ ಅಧ್ಯಯನದಲ್ಲಿ, ಮುಂಚೆ ಉಂಗುರ, ಕಿರಣ, ಜೋಡಿಬಿಂಬ ಇಂತಹ ಯಾವ ಲಕ್ಷಣವೂ ಇಲ್ಲದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಮೂರು ತಿಂಗಳ ಹೊತ್ತಿಗೆ ಕನಿಷ್ಠ ಒಂದು ಹೊಸ ಲಕ್ಷಣವನ್ನು ಹೇಳಿಕೊಂಡರು. ಒಣಗಣ್ಣಿನ ಲಕ್ಷಣ ಇಲ್ಲದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಅದು ಹೊಸದಾಗಿ ಕಾಣಿಸಿತು. ಈ ಲಕ್ಷಣಗಳಿಂದ ದಿನನಿತ್ಯದ ಕೆಲಸಕ್ಕೆ ತೀವ್ರ ಅಡ್ಡಿಯಾದವರು ಶೇ 1ಕ್ಕಿಂತ ಕಡಿಮೆ. ಆ ಶೇ 1ರೊಳಗೆ ಇರುವವರು ಅಂಕಿಯಲ್ಲ, ನಮ್ಮೊಡನೆ ಮಾತನಾಡುತ್ತಿರುವ ಮನುಷ್ಯರು.

ಹರಿಹರ ಸೇತುವೆ

ನನ್ನ ಕಥೆ ಬೇರೆ. ಮೊದಲ ಕೆಲವು ವರ್ಷ ಏನೂ ಇರಲಿಲ್ಲ. ಆಮೇಲೆ ಬಲಗಣ್ಣು ಮಂಜಾಗುತ್ತ ಬಂತು, ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ಪವರ್ ಪ್ರತಿ ಸಲವೂ ಹೆಚ್ಚಾಗುತ್ತಿತ್ತು. ಕೊನೆಗೆ ಕಾರ್ನಿಯಾದ ನಕ್ಷೆ ತೆಗೆಯುವ ಪೆಂಟಾಕ್ಯಾಮ್ ಪರೀಕ್ಷೆ ಮಾಡಿಸಿದಾಗ ಎಕ್ಟೇಸಿಯಾ ಎಂದು ತಿಳಿಯಿತು. ಲೇಸರ್ ಆದ ಮೇಲೆ ಉಳಿಯುವ ತಳಪದರ ದುರ್ಬಲವಾಗಿದ್ದರೆ ಕಾರ್ನಿಯಾ ಮುಂದಕ್ಕೆ ಉಬ್ಬುತ್ತದೆ. ಕಾಲಜನ್ ಕ್ರಾಸ್‌ಲಿಂಕಿಂಗ್ ಮಾಡಿದರು: ರೈಬೋಫ್ಲೇವಿನ್ ಅಂದರೆ ಬಿ2 ವಿಟಮಿನ್ ಹನಿ ಹಾಕಿ ನೇರಳಾತೀತ ಕಿರಣ ಬಿಡುತ್ತಾರೆ. ಅದು ಉಬ್ಬುವುದನ್ನು ನಿಲ್ಲಿಸಲು, ಹಿಂದಿನ ಕಣ್ಣು ಮರಳಿ ಬರುವುದಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಹೇಳಿದ ವೈದ್ಯರಿಗೆ ನಾನು ಋಣಿ.

ಈಗ ಸ್ಕ್ಲೀರಲ್ ಲೆನ್ಸ್ ಹಾಕುತ್ತೇನೆ. ಮಾಮೂಲಿ ಲೆನ್ಸಿಗಿಂತ ದೊಡ್ಡದು. ಬಿಳಿಗುಡ್ಡೆಯ ಮೇಲೆ ಕುಳಿತು ಕಾರ್ನಿಯಾವನ್ನು ಮುಟ್ಟದೆ ಕಮಾನಿನ ಹಾಗೆ ನಿಲ್ಲುತ್ತದೆ. ಒಳಗೆ ಸಂರಕ್ಷಕವಿಲ್ಲದ ಸಲೈನ್ ತುಂಬಿ ಹಾಕಿಕೊಳ್ಳಬೇಕು. ದಿನವಿಡೀ ಕಾರ್ನಿಯಾ ನೀರಿನಲ್ಲಿರುವುದರಿಂದ ಒಣಗಣ್ಣಿಗೂ ಒಳ್ಳೆಯದು. ದುಬಾರಿ, ಹಾಕಿ ತೆಗೆಯುವ ಅಭ್ಯಾಸಕ್ಕೆ ತಾಳ್ಮೆ ಬೇಕು, ನಲ್ಲಿ ನೀರು ಸೋಕಬಾರದು. ಇಷ್ಟೆಲ್ಲ ಇದ್ದರೂ ನನ್ನ ಮಗಳ ಮುಖವನ್ನು ನಾನು ಮತ್ತೆ ಸ್ಪಷ್ಟವಾಗಿ ನೋಡಿದ್ದು ಈ ಲೆನ್ಸಿನಿಂದಲೇ. ಪವರ್ ಬದಲಾಗುತ್ತಿರುವವರು ಕನ್ನಡಕ ಬದಲಿಸುತ್ತ ಕೂರಬೇಡಿ, ಕಾರ್ನಿಯಾದ ನಕ್ಷೆ ತೆಗೆಸಿ. ಕಣ್ಣು ಉಜ್ಜುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಕೋಟೆಯ ಕೆಳಗಿನವನು (ಚಿತ್ರದುರ್ಗ)

ವಕೀಲಿ ಮಾಡುತ್ತೇನೆ. ನಿಮ್ಮಲ್ಲಿ ಎಷ್ಟು ಮಂದಿಯ ಬಳಿ ಶಸ್ತ್ರಚಿಕಿತ್ಸೆಗೆ ಮುಂಚಿನ ದಾಖಲೆಗಳಿವೆ? ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಅದೇ ದಿನ ಮನೆಗೆ ಕಳುಹಿಸಿದ್ದೇವೆ, ನೀವು ಒಳರೋಗಿಯಲ್ಲ ಎಂಬ ನೆಪ ಹೇಳಿದರೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಮಿತಿ ಇದೆ, ತಡವಾದರೆ ತಕ್ಕ ಕಾರಣ ತೋರಿಸಬೇಕು. ಆದರೆ ತೊಡಕು ಬಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಕಾರ್ನಿಯಾ ತೆಳುವಾಗಿದ್ದೂ ಮಾಡಿದರೇ, ಅಪಾಯಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆದರೇ ಎಂಬುದು ಮುಖ್ಯವಾಗುತ್ತದೆ. ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಸಹಿ ಹಾಕಿಸಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಚಂದ್ರವಳ್ಳಿ

ಮೊಕದ್ದಮೆ ಹಾಕದವರಿಗೂ ಆ ದಾಖಲೆ ಬೇಕು. ಮುಂದೆ ವಯಸ್ಸಾಗಿ ಪೊರೆ ಬಂದಾಗ ಒಳಗೆ ಇಡುವ ಲೆನ್ಸಿನ ಪವರ್ ಲೆಕ್ಕ ಹಾಕುವುದು ಲೇಸಿಕ್ ಆದ ಕಣ್ಣಿನಲ್ಲಿ ಕಷ್ಟ. ಹಳೆಯ ಪವರ್, ಹಳೆಯ ಕಾರ್ನಿಯಾ ಅಳತೆ ಇದ್ದರೆ ಲೆಕ್ಕ ಹೆಚ್ಚು ನಿಖರವಾಗುತ್ತದೆ. ಉಚಿತ ಪೊರೆ ಶಿಬಿರಗಳಿಗೆ ಹೋಗುವವರಂತೂ ಈ ವಿಷಯವನ್ನು ತಪ್ಪದೆ ತಿಳಿಸಬೇಕು.

ಹೊಳಲ್ಕೆರೆ ರಸ್ತೆ

ಇಷ್ಟು ದಿನ ಓದುತ್ತಿದ್ದೆ, ಬರೆಯಲು ಧೈರ್ಯ ಬಂದಿರಲಿಲ್ಲ. ಕಣ್ಣಿನ ನೋವಿನಿಂದ ನಿದ್ದೆ ಹೋಗಿ, ನೌಕರಿ ಬಿಟ್ಟು, ಬದುಕುವುದೇ ಬೇಡ ಎನ್ನಿಸಿದ ದಿನಗಳು ನನಗೂ ಬಂದಿದ್ದವು. ಹೀಗೆ ಇನ್ನೂ ಯಾರಿಗಾದರೂ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಬೇಕಿಲ್ಲ. ಮನೋವೈದ್ಯರ ಬಳಿ ಹೋದರೆ "ನೋಡಿ, ಎಲ್ಲ ಮನಸ್ಸಿನದೇ" ಎಂದುಬಿಡುತ್ತಾರೆ ಎಂಬ ಭಯ ನನಗಿತ್ತು. ನನ್ನ ವೈದ್ಯರು ಹಾಗೆ ಹೇಳಲಿಲ್ಲ. ಕಣ್ಣಿನ ನೋವೂ ನಿಜ, ಅದರಿಂದ ಬಂದ ಖಿನ್ನತೆಯೂ ನಿಜ, ಎರಡಕ್ಕೂ ಒಟ್ಟಿಗೆ ಔಷಧ ಕೊಡೋಣ ಎಂದರು. ಈಗ ನಿದ್ದೆ ಬರುತ್ತಿದೆ. ನೋವು ಇದೆ, ಮೊದಲಿನಷ್ಟಿಲ್ಲ.

ಜೋಗಿಮಟ್ಟಿ ಗಾಳಿ

ಬರೆದಿದ್ದು ಒಳ್ಳೆಯದಾಯಿತು. ಯಾವಾಗ ಮಾತನಾಡಬೇಕೆನಿಸಿದರೂ ನನಗೆ ಸಂದೇಶ ಕಳುಹಿಸಿ.

ಭದ್ರಾ ನಾಲೆ (ದಾವಣಗೆರೆ ತಾಲ್ಲೂಕು)

ನಮಸ್ಕಾರ. ನನ್ನ ಮಗಳಿಗೆ ಗಂಡು ನೋಡುತ್ತಿದ್ದೇವೆ. ಎರಡು ಕಡೆಯವರು ಕನ್ನಡಕದ ಮಾತು ತೆಗೆದರು. ಮಗನಿಗೂ ರೈಲ್ವೆ ಕೆಲಸದ ಆಸೆ. ಇಬ್ಬರಿಗೂ ಒಟ್ಟಿಗೆ ಲೇಸರ್ ಮಾಡಿಸೋಣ ಎಂದುಕೊಂಡಿದ್ದೆ. ಇದನ್ನೆಲ್ಲ ಓದಿ ಗೊಂದಲವಾಗಿದೆ.

ಚಂದ್ರವಳ್ಳಿ

ಮಗನ ವಿಷಯ ಮೊದಲು. ಅಸಿಸ್ಟೆಂಟ್ ಲೋಕೊ ಪೈಲಟ್ (ರೈಲಿನ ಸಹಾಯಕ ಚಾಲಕ) ಹುದ್ದೆಗೆ ಲೇಸಿಕ್ ಆದವರನ್ನು ರೈಲ್ವೆ ತೆಗೆದುಕೊಳ್ಳುವುದಿಲ್ಲ. ಆಸೆ ಆ ಹುದ್ದೆಯದಾದರೆ ಶಸ್ತ್ರಚಿಕಿತ್ಸೆಯೇ ದಾರಿ ಮುಚ್ಚುತ್ತದೆ. ಬೇರೆ ಹುದ್ದೆಗಳ ನಿಯಮ ಬೇರೆ ಬೇರೆ, ಆಯಾ ಅಧಿಸೂಚನೆ ಓದಿಯೇ ಮುಂದುವರಿಯಿರಿ.

ಮಗಳಿಗೆ ಸ್ವತಃ ಬೇಕೆನಿಸಿದ್ದರೆ ಮಾತ್ರ ಮಾಡಿಸಿ. ಕನಿಷ್ಠ ಒಂದು ವರ್ಷದಿಂದ ಪವರ್ ಬದಲಾಗಿರಬಾರದು. ಕಾರ್ನಿಯಾದ ನಕ್ಷೆ ಮತ್ತು ದಪ್ಪ, ಕತ್ತಲಲ್ಲಿ ಪಾಪೆಯ ಅಗಲ, ಶರ್ಮರ್ ಕಾಗದದಿಂದ ಕಣ್ಣೀರಿನ ಅಳತೆ, ಅಕ್ಷಿಪಟಲ, ಇವನ್ನು ನೋಡದೆ ದಿನಾಂಕ ಕೊಡುವ ಕಡೆಯಿಂದ ಎದ್ದು ಬನ್ನಿ. ಈಗಾಗಲೇ ಕಣ್ಣು ಒಣಗುತ್ತಿದ್ದರೆ, ಸಂಧಿವಾತದಂತಹ ಕಾಯಿಲೆ ಇದ್ದರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಬೇಕು. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಹೇಗೂ ಬರುತ್ತದೆ, ಇದನ್ನೂ ಅವಳಿಗೆ ತಿಳಿಸಿ.

ಕುಂದವಾಡ ಕೆರೆ

ಅಣ್ಣಾ, ನನ್ನದೊಂದು ಮಾತು. ಕನ್ನಡಕ ಕಂಡು ಮುಖ ತಿರುಗಿಸುವ ಮನೆಗೆ ಮಗಳನ್ನು ಕೊಡುವುದಕ್ಕಾಗಿ ಅವಳ ಆರೋಗ್ಯದ ಕಣ್ಣಿನ ಮೇಲೆ ಕತ್ತಿ ಆಡಿಸಬೇಡಿ. ಅವಳನ್ನೇ ಕೂರಿಸಿಕೊಂಡು ಕೇಳಿ. ಬೇಕೆಂದರೆ ಎಲ್ಲ ಪರೀಕ್ಷೆ ಮಾಡಿಸಿ ಮುಂದುವರಿಯಿರಿ, ಬೇಡವೆಂದರೆ ಅಲ್ಲಿಗೆ ಬಿಡಿ.

ಭದ್ರಾ ನಾಲೆ

ಕೇಳಿದೆ. "ಕನ್ನಡಕ ನನಗೆ ತೊಂದರೆ ಕೊಟ್ಟೇ ಇಲ್ಲ, ನಿಮಗೇ ತೊಂದರೆ" ಎಂದಳು. ಕೈಬಿಟ್ಟಿದ್ದೇವೆ.

ಕುಂದವಾಡ ಕೆರೆ

ಎಲ್ಲರಿಗೂ ತಿಳಿಸಬೇಕಾದ ಸುದ್ದಿ. ಬೆಂಗಳೂರಿನಲ್ಲಿ ಕಾರ್ನಿಯಾ ವಿಭಾಗಕ್ಕೇ ನೇರವಾಗಿ ಹೋದೆವು. ಚಂದ್ರವಳ್ಳಿಯವರು ಹೇಳಿದಂತೆ ಬರೆದುಕೊಂಡು ಹೋಗಿದ್ದ ಪಟ್ಟಿಯನ್ನು ವೈದ್ಯೆ ಪೂರ್ತಿ ಓದಿದರು. ಮರಗಟ್ಟಿಸುವ ಹನಿ ಹಾಕಿದಾಗ ಉರಿ ಬಹುಪಾಲು ಇಳಿಯಿತು, ಸ್ವಲ್ಪ ಉಳಿಯಿತು. ಎರಡೂ ಬಗೆಯ ನೋವು ಇದೆ ಎಂದು ಬರೆದುಕೊಟ್ಟಿದ್ದಾರೆ. ರಾತ್ರಿಗೆ ಮುಲಾಮು, ಕಡಿಮೆ ಪ್ರಮಾಣದ ಒಂದು ಮಾತ್ರೆ, ಜೊತೆಗೆ ಸೀರಮ್ ಹನಿ ಶುರುವಾಗಿದೆ. ಬೆಳಗಿನ ಸುಲಿತ ಕಡಿಮೆಯಾಗಿದೆ. ಉಳಿದದ್ದಕ್ಕೆ ತಿಂಗಳುಗಟ್ಟಲೆ ಕಾಯಬೇಕು ಎಂದಿದ್ದಾರೆ. ಬ್ಯಾಂಕಿನಲ್ಲಿ ವೈದ್ಯರ ಚೀಟಿ ತೋರಿಸಿ ಫ್ಯಾನಿನಿಂದ ದೂರದ ಮೇಜಿಗೆ ಬದಲಾಯಿಸಿಕೊಂಡೆ.

ಒಂದು ಸಹಾಯ ಬೇಕು. ಸೀರಮ್ ಹನಿಯನ್ನು ತಣ್ಣಗೆ ಇಟ್ಟೇ ತರಬೇಕು, ಮುಗಿದಾಗಲೆಲ್ಲ ಮತ್ತೆ ರಕ್ತ ಕೊಟ್ಟು ಮಾಡಿಸಬೇಕು. ಪ್ರತಿ ಸಲ ಬೆಂಗಳೂರಿಗೆ ಹೋಗುವುದು ಕಷ್ಟ. ದಾವಣಗೆರೆಯಲ್ಲೇ, ಇಲ್ಲವಾದರೆ ಹುಬ್ಬಳ್ಳಿ ಅಥವಾ ಶಿವಮೊಗ್ಗದಲ್ಲಿ ಇದನ್ನು ಮಾಡಿಕೊಡುವ ಕಡೆ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ಐಸ್ ಪೆಟ್ಟಿಗೆಯಲ್ಲಿ ರೈಲಿನಲ್ಲಿ ತಂದ ಅನುಭವ ಇರುವವರೂ ತಿಳಿಸಿ.